ಚೆಂಡೋಲ್ ಗಾಡಿ: ಎಳೆ ಪುಡಿಯಾಗುತ್ತೆ, ಲೋಟ ನೀರಾಗುತ್ತೆ

ತುಂಗೆದಂಡೆ:
ಶಿವಮೊಗ್ಗದಲ್ಲಿ ಬೇಸಿಗೆಗೆ ಒಂದು ತಳ್ಳುಗಾಡಿಯಲ್ಲಿ ಮಲೇಷ್ಯಾದ ಚೆಂಡೋಲ್ ಮಾರುವ ಯೋಚನೆ. ಶಾವಿಗೆ ಥರ ಒತ್ತಿದ ಅಕ್ಕಿಹಿಟ್ಟಿನ ಹಸಿರು ಎಳೆ, ಕಾಯಿಹಾಲು, ಬೆಲ್ಲದ ಪಾಕ, ಹೆರೆದ ಐಸ್, ಇಷ್ಟೇ. ಬೆಳಿಗ್ಗೆ ಮಾಡಿ ಫ್ರಿಜ್ಜಿನಲ್ಲಿಟ್ಟ ಎಳೆ ಮಧ್ಯಾಹ್ನಕ್ಕೆ ಬಿರುಸಾಗಿ ಪುಡಿಯಾಗ್ತಿದೆ. ಅರ್ಧ ಲೋಟ ಕುಡಿಯೋದ್ರೊಳಗೆ ಸಪ್ಪೆ. ಪಾಕಕ್ಕೆ ಅಲ್ಲಿನ ತೆಂಗಿನ ಬೆಲ್ಲ ಗುಲಾ ಮೆಲಾಕಾ ಬದಲು ಜೋನಿ ಬೆಲ್ಲ ನಡೆಯುತ್ತಾ?

ಶಾವಿಗೆಒರಳು:
ಮಾರಾಯ್ರೆ, ಒತ್ತು ಶಾವಿಗೆಗೆ ಕಾಯಿಹಾಲು ಹಾಕಿ ತಿನ್ನೋ ಊರಿಗೆ ಇದೇನು ಹೊಸತಲ್ಲ, ಐಸ್ ಒಂದೇ ಹೊಸತು. ಎಳೆ ಕೆಡಲು ಕಾರಣ ಫ್ರಿಜ್ಜೇ. ಬೆಂದ ಅಕ್ಕಿಹಿಟ್ಟು ಫ್ರಿಜ್ಜಿನ ತಂಪಿನಲ್ಲಿ ಬೇಗ ಬಿರುಸಾಗುತ್ತೆ, ತಂಗಳನ್ನ ಆದ ಹಾಗೆ.

ಅಕ್ಕಿಹಿಟ್ಟು 100 ಗ್ರಾಂ, ಕೂವೆ (ಆರಾರೂಟ್) ಹಿಟ್ಟು 50 ಗ್ರಾಂ, ಪಂದನ್ ರಸ ಸೇರಿ ನೀರು 750 ಮಿ.ಲೀ., ಚಿಟಿಕೆ ಉಪ್ಪು, ಎಲೆಯಡಿಕೆ ಸುಣ್ಣದ ತಿಳಿನೀರು ಒಂದು ಟೀ ಚಮಚ. ಪಂದನ್ ಅಂದ್ರೆ ಕೇದಗೆ ಜಾತಿಯದೇ ಗಿಡ, ಎಲೆಗೆ ಬಾಸ್ಮತಿ ಘಮ. 10-12 ಎಲೆ ರುಬ್ಬಿ ಸೋಸಿ. ಸುಣ್ಣದ ತಿಳಿಯಿಂದ ಎಳೆಗೆ ಜಿಗಿ ಬರುತ್ತೆ, ಹಸಿರೂ ನಿಲ್ಲುತ್ತೆ. ಹೆಚ್ಚಾದ್ರೆ ಸೋಪಿನ ರುಚಿ. ಆರಾರೂಟ್ ಅಂತ ಬರೆದ ಪ್ಯಾಕೆಟ್‌ನಲ್ಲಿ ಎಷ್ಟೋ ಸಲ ಮೆಕ್ಕೆಜೋಳದ ಹಿಟ್ಟಿರುತ್ತೆ, ನೋಡಿ ತಗೊಳ್ಳಿ.

ಎಲ್ಲಾ ಕದಡಿ ಸಣ್ಣ ಉರಿಯಲ್ಲಿ 12-15 ನಿಮಿಷ ಬಿಡದೆ ಕೈಯಾಡಿಸಿ. ಗಟ್ಟಿಯಾದ ಕೂಡಲೇ ಇಳಿಸಬೇಡಿ. ಬಿಳುಪು ಹೋಗಿ ಹೊಳಪು ಬಂದು ಸೌಟಿನಿಂದ ಭಾರವಾಗಿ ಜಾರಬೇಕು. ಹಸಿ ಉಳಿದ್ರೆ ನೀರಿಗೆ ಬಿದ್ದಲ್ಲೇ ಕದಡುತ್ತೆ. ಬಿಸಿಯಿರುವಾಗಲೇ ಚಕ್ಕುಲಿ ಒರಳಿಗೆ ತುಂಬಿ, ಖಾರದಕಡ್ಡಿ ಬಿಲ್ಲೆಯಲ್ಲಿ ಐಸ್ ನೀರಿಗೆ ಒತ್ತಿ. ಎರಡು ಇಂಚಿಗೆ ಒರಳು ಕೊಡವಿದ್ರೆ ಎಳೆ ತುದಿ ಚೂಪಾಗಿ ತುಂಡಾಗುತ್ತೆ. ಐದು ನಿಮಿಷದ ಮೇಲೆ ಐಸ್ ತೆಗೆದು ಸಾದಾ ಕುಡಿಯುವ ನೀರಲ್ಲಿಡಿ, ನಾಲ್ಕು ಗಂಟೆಯೊಳಗೆ ಖಾಲಿ ಮಾಡಿ. ಲೋಟಕ್ಕೆ 60 ಗ್ರಾಂ ಎಳೆ ಲೆಕ್ಕದಲ್ಲಿ ಸುಮಾರು 13 ಲೋಟ. ದಿನಕ್ಕೆ ಎರಡು ಸಲ ಒತ್ತೋದೇ ದಾರಿ.

ಸಾಗರದಕಡೆ:
ಜೋನಿ ಬೆಲ್ಲ ನಡೆಯುತ್ತೆ, ಆದ್ರೆ ಅದು ಕಬ್ಬು. ಗುಲಾ ಮೆಲಾಕಾ ತೆಂಗಿನ ನೀರಾ ಕಾಯಿಸಿದ್ದು, ಅದರ ಹೊಗೆಗಂಪು ಜೋನಿಗೆ ಬರಲ್ಲ. ತೆಂಗಿನ ನೀರಾ ಬೆಲ್ಲ ಸಿಕ್ಕರೆ ಅರ್ಧಕ್ಕರ್ಧ ಸೇರಿಸಿ. ಗಟ್ಟಿ ಜೋನಿ ನಾಲ್ಕು ಪಾಲಿಗೆ ನೀರು ಒಂದು ಪಾಲು, ಗಂಟು ಕಟ್ಟಿದ ಪಂದನ್ ಎಲೆ ಹಾಕಿ ಐದು ನಿಮಿಷ ಕುದಿಸಿ ಸೋಸಿ. ಒಂದು ಚಮಚ ಪಾಕ ಐಸ್ ಮೇಲೆ ಬಿಟ್ಟು ನೋಡಿ: ನಿಧಾನಕ್ಕೆ ಇಳೀಬೇಕು. ಅಲ್ಲೇ ಮುದ್ದೆ ಕಟ್ಟಿದ್ರೆ ನೀರು ಕಮ್ಮಿ.

ಲೋಟ ಸಪ್ಪೆಯಾಗೋದು ಐಸ್‌ನಿಂದ. ಸುತ್ತಿಗೆಯಲ್ಲಿ ಕುಟ್ಟಿದ್ದು ಬೇಡ, ಹಾಲು ಸಂದಿಯಲ್ಲಿ ತಳಕ್ಕಿಳಿಯುತ್ತೆ. ಗೋಲಾ ಯಂತ್ರದಲ್ಲಿ ಹೆರೀರಿ. ಐಸ್ ಗಡ್ಡೆ ಹೊರಗೆ ಹತ್ತು ನಿಮಿಷ ಇದ್ದು ಮೈ ಒದ್ದೆಯಾದ್ರೆ ತೆಳ್ಳಗೆ ಬರುತ್ತೆ, ಇಲ್ಲಾಂದ್ರೆ ಚೂರು ಸಿಡಿಯುತ್ತೆ. ಮೀನಿಗೆ ಹಾಕೋ ಐಸ್ ಮುಟ್ಟಲೇಬೇಡಿ.

ಲೋಟಕ್ಕೆ 150 ಗ್ರಾಂ ಐಸ್, ಹಾಲು 80 ಮಿ.ಲೀ., ಪಾಕ 40. ಎಳೆ ತಳಕ್ಕೆ, ಮೇಲೆ ಐಸ್, ಹಾಲು, ಕೊನೆಗೆ ಪಾಕ. ಹಾಲು, ಪಾಕ ಎರಡೂ ತಣ್ಣಗಿರಬೇಕು. ಪಾಕ ಬರೀ ಬಾಯಿಗೆ ಹೆಚ್ಚು ಸಿಹಿ ಅನ್ನಿಸಿದ್ರೇ ಐಸ್ ಜೊತೆ ಹದ.

ಕಾಯಿಹಾಲು:
ಹಾಲು ಮಾಡೋ ವಿಷಯ ಯಾರೂ ಹೇಳಲಿಲ್ಲ. ಒಂದು ಕಾಯಿಗೆ 200 ಮಿ.ಲೀ. ಬೆಚ್ಚಗಿನ ನೀರು ಹಾಕಿ ಹಿಂಡಿದ ಮೊದಲ ಹಾಲು ಮಾತ್ರ. ಅರ್ಧ ಲೀಟರಿಗೆ ಕಾಲು ಟೀ ಚಮಚ ಉಪ್ಪು. ಇದಿಲ್ಲದಿದ್ರೆ ಪಾಕ ಬರೀ ಸಿಹಿ. ಒಲೆ ಮೇಲಿಟ್ಟು ಅಂಚಲ್ಲಿ ಸಣ್ಣ ಗುಳ್ಳೆ ಬಂದ ಕೂಡಲೇ ಇಳಿಸಿ, ಕುದಿದ್ರೆ ಒಡೆಯುತ್ತೆ. ಪಾತ್ರೆ ಐಸ್ ಮೇಲೇ ಇರಲಿ. ಹಳೇ ಹಾಲಿಗೆ ಹೊಸದು ಬೆರೆಸಿದ್ರೆ ಎರಡೂ ಹುಳಿ.

ಅಂದ ಹಾಗೆ, ಮೇಲೆ ಟುಟಿಫ್ರೂಟಿ, ಜೆಲ್ಲಿ ಬೇಡ. ಮಲೇಷ್ಯಾದ ಪೆನಾಂಗ್‌ನಲ್ಲಿ 1936ರಿಂದ ಇರೋ ಹೆಸರಾದ ಗಾಡಿಯವರು ಸೇರಿಸೋದು ಕೆಂಪು ಕಾಳು ಅಷ್ಟೇ. ರಾಜ್ಮಾ ಆದ್ರೆ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಪೂರ್ತಿ ಬೇಯಿಸಿ. ಅರೆಬೆಂದದ್ದು ವಾಂತಿ ತರಿಸುತ್ತೆ.

ತುಂಗೆದಂಡೆ:
ಕೂವೆ ಹಿಟ್ಟು ಸಿಗದಿದ್ರೆ?

ಶಾವಿಗೆಒರಳು:
ಮರಗೆಣಸಿನ ಹಿಟ್ಟು, 40 ಗ್ರಾಂ ಸಾಕು. ಜಾಸ್ತಿಯಾದ್ರೆ ಎಳೆ ಒಂದಕ್ಕೊಂದು ಅಂಟುತ್ತೆ.