ವಿಟ್ರಿಫೈಡ್ ಟೈಲ್ಸು, ಗ್ರಾನೈಟು, ಬಾಟಲ್: ಸಣ್ಣ ಡೈಮಂಡ್ ಬಿಟ್ ಹಾಕೋದು ಹೆಂಗೆ?

ಹೊಸಮನೆ_ಹಳೇಡ್ರಿಲ್:
ಬಾತ್‌ರೂಮಲ್ಲಿ ಟವೆಲ್ ರಾಡ್‌ಗೆ 6 ಎಂಎಂ, ಅಡುಗೆಮನೆ ಗ್ರಾನೈಟ್ ಸ್ಲ್ಯಾಬಲ್ಲಿ ಆರ್‌ಓ ನಲ್ಲಿಗೆ 12 ಎಂಎಂ ತೂತು ಬೇಕು. ಮಾಮೂಲಿ ಕಾಂಕ್ರೀಟ್ ಬಿಟ್ ವಿಟ್ರಿಫೈಡ್ ಮೇಲೆ ಜಾರ್ತಾ ಇದೆ, ಎಷ್ಟು ಒತ್ತಿದ್ರೂ ಬರೀ ಬಿಳಿ ಚುಕ್ಕೆ, ಬಿಟ್ ತುದಿ ನೀಲಿ ಆಗೋಯ್ತು. ಅಂಗಡಿಯವ್ರು ಡೈಮಂಡ್ ಬಿಟ್ ಕೊಟ್ಟಿದಾರೆ, ನೋಡಿದ್ರೆ ಒಳಗೆ ಪೊಳ್ಳು, ಮಧ್ಯ ಚೂಪೇ ಇಲ್ಲ, ಇದು ನಿಲ್ಲೋದು ಹೆಂಗೆ? ಖಾಲಿ ಬಾಟಲ್‌ಗೂ ಇದೇ ಆಗುತ್ತಾ, ಲ್ಯಾಂಪ್ ಮಾಡೋ ಪ್ಲಾನ್ ಇದೆ.

ಕಲ್ಲುಕೆಲಸ:
ಸಾರ್ ಮೊದ್ಲು ಡ್ರಿಲ್‌ನ ಹ್ಯಾಮರ್ ಮೋಡ್, ಅಂದ್ರೆ ಕುಟ್ತಾ ಕೊರೆಯೋದು, ಆಫ್ ಮಾಡಿ. ಡೈಮಂಡ್ ಬಿಟ್ ಕೊರೆಯಲ್ಲ, ತೇಯುತ್ತೆ, ಗಂಧ ತೇಯ್ದ ಹಾಗೆ, ನೀರೂ ಬೇಕು, ತಾಳ್ಮೆನೂ ಬೇಕು. ತುದೀಲಿರೋ ವಜ್ರದ ಪುಡಿನ ನಿಕಲ್ ಲೇಪದಲ್ಲಿ ಹಿಡಿಸಿರ್ತಾರೆ, ಅಂಗಡೀಲಿ ಸಿಗೋ ಅಗ್ಗದ ಬಿಟ್‌ಗಳು ಹೆಚ್ಚೂಕಮ್ಮಿ ಎಲ್ಲಾ ಹಿಂಗೇ, ಆ ಲೇಪ ಒಂದೇ ಪದರ, ನೀರಿಲ್ದೆ ಜೋರಾಗಿ ಓಡಿಸಿದ್ರೆ ಬಿಸಿಯಾಗಿ ಪುಡಿ ಉದುರುತ್ತೆ, ಆಮೇಲೆ ಅದು ಬರೀ ಕಬ್ಬಿಣದ ಕೊಳವೆ. ಸ್ಪೀಡ್ ಕಮ್ಮಿ ಇರ್ಲಿ, 6 ಎಂಎಂಗೆ ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸು, 12ಕ್ಕೆ ಅದಕ್ಕಿಂತ ಕಮ್ಮಿ.
ಶುರು ಮಾಡುವಾಗ ಡ್ರಿಲ್ ಓರೆಯಾಗಿ ಹಿಡಿದು ಅರ್ಧಚಂದ್ರದ ಗೆರೆ ಬೀಳಿಸಿ, ಕಚ್ಚಿಕೊಂಡ್ಮೇಲೆ ನಿಧಾನಕ್ಕೆ ನೆಟ್ಟಗೆ ಮಾಡಿ. ಇಲ್ಲಾಂದ್ರೆ ಪ್ಲೈವುಡ್ ತುಂಡಲ್ಲಿ ಅದೇ ಸೈಜ್ ತೂತು ಮಾಡಿ ಟೈಲ್ಸ್ ಮೇಲೆ ಒತ್ತಿ ಹಿಡೀರಿ, ಬಿಟ್ ಅಲ್ಲಾಡಲ್ಲ. ಟೈಲ್ಸ್ ದಾಟಿ ಗೋಡೆ ಸಿಕ್ತಾ, ಬಿಟ್ ಬದಲಾಯಿಸಿ, ಅಲ್ಲಿಂದ ಕಾಂಕ್ರೀಟ್ ಬಿಟ್ಟೇ ಸಾಕು. ಸ್ಕ್ರೂ ಕೂರೋ ಪ್ಲಾಸ್ಟಿಕ್ ಪ್ಲಗ್‌ನ ಟೈಲ್ಸ್ ಒಳಗೇ ನಿಲ್ಲಿಸ್ಬೇಡಿ, ಹಿಂದಕ್ಕೆ ದೂಡಿ, ಇಲ್ಲಾಂದ್ರೆ ಸ್ಕ್ರೂ ಬಿಗಿ ಮಾಡುವಾಗ ಟೈಲ್ಸ್ ಬಿರುಕು ಬಿಡುತ್ತೆ.

ಸುಮ್ನೆ_ಓದ್ತೀನಿ:
ನೀರು ಸುರೀರಿ ಅಂತ ಎಲ್ರೂ ಹೇಳ್ತಾರೆ, ವೈರ್ ಡ್ರಿಲ್ ಹಿಡ್ಕೊಂಡು ಶಾಕ್ ಹೊಡೆದ್ರೆ? ನಾನಾದ್ರೆ ಆಂಗಲ್ ಗ್ರೈಂಡರ್‌ಗೆ ಡೈಮಂಡ್ ಬಿಟ್ ಹಾಕಿ ಡ್ರೈನೇ ಮಾಡ್ತೀನಿ, ಬೇಗ ಆಗುತ್ತೆ.

ಕಲ್ಲುಕೆಲಸ:
ಶಾಕ್ ಮಾತು ಸರಿ, ಬ್ಯಾಟರಿ ಡ್ರಿಲ್ ಇದ್ರೆ ಅದೇ ವಾಸಿ. ಗೋಡೇಲಾದ್ರೆ ಮುಚ್ಚಳಕ್ಕೆ ತೂತು ಮಾಡಿದ ಬಾಟ್ಲಿಂದ ಒಬ್ರು ಸ್ವಲ್ಪಸ್ವಲ್ಪ ನೀರು ಬಿಡ್ತಾ ಇರ್ಲಿ. ಸ್ಲ್ಯಾಬ್ ಮೇಲಾದ್ರೆ ಸುತ್ತ ಪುಟ್ಟಿ ಕಟ್ಟೆ ಮಾಡಿ ನೀರು ನಿಲ್ಲಿಸಿ. ಗ್ರೈಂಡರ್‌ಗೆ ಹಾಕೋದು ಬೇರೆ ಥರದ ಬಿಟ್ಟು, ಗ್ರೈಂಡರ್‌ಗೆ ಅಂತಲೇ ಬರೋದು, ಈ ಲೇಪದ ಬಿಟ್ಟು ಗ್ರೈಂಡರ್‌ನ ಆ ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತಿನ ಸ್ಪೀಡ್ ತಡೆಯಲ್ಲ. ಡ್ರೈ ಮಾಡಿದ್ರೆ ಕಲ್ಲಿನ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋಗುತ್ತೆ, ಕ್ವಾರಿಯವ್ರಿಗೆ ಸಿಲಿಕೋಸಿಸ್ ಕಾಯಿಲೆ ಬರೋದು ಇದ್ರಿಂದಲೇ.

ಗಾಜುಗಿಳಿ:
ಬಾಟಲ್‌ಗೂ ಅದೇ ಬಿಟ್ ಆಗುತ್ತೆ, ಭಾರ ಹಾಕ್ಬೇಡಿ ಅಷ್ಟೇ. ಗಾಜು ಒಡೆಯೋದು ಕೊನೆಯ ಒಂದು ಮಿಲಿಮೀಟರ್‌ನಲ್ಲಿ, ಅಲ್ಲಿ ಕೈ ಹಗುರ ಮಾಡಿ, ಒಳಗೆ ಚೂರು ಏಳೋದು ಪೂರ್ತಿ ನಿಲ್ಲಲ್ಲ. ಬಾಟಲ್‌ನ ಬಟ್ಟೆ ಮೇಲೆ ಮಲಗಿಸಿ, ಕನ್ನಡಕ ಹಾಕಿ. ಕಿಟಕಿ ಗಾಜು, ಟೇಬಲ್ ಟಾಪ್‌ಗೆ ಕೈ ಹಾಕೋ ಮುಂಚೆ ಮೂಲೇಲಿ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಅನ್ನೋ ಮುದ್ರೆ ಇದ್ಯಾ ನೋಡ್ಬಿಡಿ. ಟಫನ್ಡ್ ಆಗಿದ್ರೆ ಯಾವ ಬಿಟ್ಟೂ ಬೇಡ, ಇಡೀ ಗಾಜು ಒಮ್ಮೆಗೇ ಪುಡಿ ಆಗುತ್ತೆ, ಅದಕ್ಕೆ ತೂತು ಫ್ಯಾಕ್ಟರೀಲಿ ಟೆಂಪರ್ ಮಾಡೋ ಮುಂಚೆನೇ ಹಾಕಿರ್ಬೇಕು.

ಹೊಸಮನೆ_ಹಳೇಡ್ರಿಲ್:
ಥ್ಯಾಂಕ್ಸ್. ಬಿಟ್ ಒಳಗೆ ಗ್ರಾನೈಟ್ ಗಡ್ಡೆ ಸಿಕ್ಕೊಂಡ್ರೆ?

ಕಲ್ಲುಕೆಲಸ:
ಪಕ್ಕದ ಕಿಂಡೀಲಿ ಮೊಳೆ ತೂರಿಸಿ ದೂಡಿ. ಇನ್ನೊಂದು ಮಾತು, ಮೊದ್ಲೇ ನಲ್ಲಿ ಕಾಂಡ ಅಳೆದು ನೋಡಿ ತೂತು ಹಾಕಿ, ಕೆಲವಕ್ಕೆ 12 ಸಾಲಲ್ಲ.