ಪಿಎಚ್‌ಸಿಯಲ್ಲಿ ಇದ್ದುಕೊಂಡೇ ಯೋಗ, ಆಯುರ್ವೇದದ ಸಂಶೋಧನೆ ಮಾಡಬಹುದಾ?

ಮಲೆನಾಡ ಡಾಕ್ಟ್ರು:
ಸಾಗರದ ಕಡೆ ಒಂದು ಪಿಎಚ್‌ಸಿಯಲ್ಲಿ ಎಂಬಿಬಿಎಸ್ ಡಾಕ್ಟರ್ ಆಗಿದ್ದೇನೆ, ಮೂರು ವರ್ಷವಾಯಿತು. ಅಡಿಕೆ ಸುಲಿಯೋದು ಶುರುವಾದರೆ ಸಾಕು, ಓಪಿಡಿ ತುಂಬ ಸೊಂಟ ನೋವು. ದಿನವಿಡೀ ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರು "ಒಂದು ಸೂಜಿ ಹಾಕಿ ಡಾಕ್ಟ್ರೇ, ನಾಳೆ ಮತ್ತೆ ಸುಲಿಯೋಕೆ ಹೋಗ್ಬೇಕು" ಅನ್ನುತ್ತಾರೆ. ಡೈಕ್ಲೋಫೆನಾಕ್ ಹಾಕುತ್ತೇನೆ. ಮುಂದಿನ ವಾರ ಮತ್ತೆ ಅದೇ ಮುಖ.

ಇವರಿಗೆ ಯೋಗ ಕಲಿಸಿ, ನಿಜಕ್ಕೂ ನೋವು ಇಳಿಯುತ್ತಾ ಅಂತ ಅಳೆದು ನೋಡುವ ಆಸೆ. ಜೊತೆಗೆ ಓದಿದವರು "ಎಂಡಿ ಮಾಡೋದು ಬಿಟ್ಟು ಇದೆಂಥ ಹುಚ್ಚು" ಅನ್ನುತ್ತಾರೆ. ಇದನ್ನೇ ಕೆಲಸ ಮಾಡಿಕೊಂಡ ಡಾಕ್ಟರ್ ಯಾರಾದರೂ ಇದ್ದಾರಾ?

ಹಳೇ ಸ್ಟೆತೊ:
ಇದ್ದಾರೆ. ಅಮೆರಿಕದ ರಾಬರ್ಟ್ ಸೇಪರ್ ಅವರ ಪೇಪರ್‌ಗಳನ್ನು ಹುಡುಕಿ ಓದಿ. ಫ್ಯಾಮಿಲಿ ಮೆಡಿಸಿನ್‌ನವರು. 2017ರಲ್ಲಿ ಬಾಸ್ಟನ್‌ನಲ್ಲಿ ಹಳೆಯ ಸೊಂಟ ನೋವಿನ 320 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಬಹುತೇಕ ಬಡವರು. ಕೆಲವರಿಗೆ 12 ವಾರ ಯೋಗ, ಕೆಲವರಿಗೆ ಫಿಸಿಯೋಥೆರಪಿ, ಉಳಿದವರಿಗೆ ಓದಲು ಪುಸ್ತಕ. ಯೋಗ ಫಿಸಿಯೋಗಿಂತ ಕಡಿಮೆ ಏನಿಲ್ಲ ಅಂತ ಗೊತ್ತಾಯಿತು. ಪವಾಡವೇನೂ ಆಗಲಿಲ್ಲ, ನೋವು ಸ್ವಲ್ಪ ಇಳಿಯಿತು, ಅಷ್ಟೇ.

ಆದರೆ ನನಗೆ ಅವರ ಮೇಲೆ ಗೌರವ ಬಂದಿದ್ದು ಅದಕ್ಕಿಂತ ಹಳೆಯ ಕೆಲಸ ನೋಡಿ. ಬಾಸ್ಟನ್ ಸುತ್ತಮುತ್ತ ನಮ್ಮವರ ದಿನಸಿ ಅಂಗಡಿಗಳಲ್ಲಿ ಸಿಗುವ 70 ಆಯುರ್ವೇದ ಔಷಧಿ ಕೊಂಡು ಪರೀಕ್ಷೆ ಮಾಡಿಸಿ, 2004ರಲ್ಲಿ ಪ್ರಕಟಿಸಿದರು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಯೋಗದ ಪರ ಬರೆದವರೂ ಇವರೇ, ಇದನ್ನು ಹೊರಗೆ ಹಾಕಿದವರೂ ಇವರೇ. ಎರಡಕ್ಕೂ ರೆಡಿ ಇದ್ದರೆ ಮಾತ್ರ ಇಳಿಯಿರಿ.

ನನ್ನ ಎಡವಟ್ಟು ಕೇಳಿ. 2019ರಲ್ಲಿ ಮಂಡಿ ನೋವಿಗೆ ಯೋಗ ಅಂತ 40 ಜನರನ್ನು ಸೇರಿಸಿದೆ. ಎಲ್ಲ ಮುಗಿದ ಮೇಲೆ ಸಿಟಿಆರ್‌ಐನಲ್ಲಿ (ನಮ್ಮ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿಗೆ ಹೋದೆ. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಣಿ ಆಗಿರಬೇಕು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಆ ಫೈಲು ಈಗಲೂ ಅಟ್ಟದ ಮೇಲಿದೆ. ನೀವು ಮೊದಲು ಹತ್ತಿರದ ಮೆಡಿಕಲ್ ಕಾಲೇಜಿನ ಯಾರನ್ನಾದರೂ ಜೊತೆಗೆ ಹಾಕಿಕೊಳ್ಳಿ. ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಅಲ್ಲಿರುತ್ತದೆ, ಪಿಎಚ್‌ಸಿಯಲ್ಲಿ ಎಲ್ಲಿಂದ ತರುತ್ತೀರಿ?

ಸೊಂಟ ನೋವಿನಿಂದ ದಿನದ ಕೆಲಸಕ್ಕೆ ಎಷ್ಟು ತೊಂದರೆ ಅಂತ ಅಳೆಯುವುದಕ್ಕೆ ರೋಲ್ಯಾಂಡ್-ಮಾರಿಸ್ ಫಾರ್ಮ್ ಇದೆ. 24 ಪ್ರಶ್ನೆ, ಹೌದು ಅಥವಾ ಇಲ್ಲ. 1983ರದ್ದು. ರೋಲ್ಯಾಂಡ್ ಕೂಡ ಇಂಗ್ಲೆಂಡಿನಲ್ಲಿ ನಮ್ಮ ಥರದ ಜನರಲ್ ಪ್ರಾಕ್ಟಿಸ್ ಡಾಕ್ಟರೇ.

ಪಕ್ಕದ ಕೋಣೆ ಆಯುಷ್:
ಸೇಪರ್ ಹೆಸರು ಕೇಳಿದರೆ ನಮ್ಮ ಆಯುರ್ವೇದದವರಲ್ಲಿ ಹಲವರಿಗೆ ಈಗಲೂ ಸಿಟ್ಟು. ನನಗೂ ಇತ್ತು. "ರಸೌಷಧಿಗೆ ಲೋಹವನ್ನು ಬೇಕೆಂದೇ ಶುದ್ಧಿ ಮಾಡಿ ಹಾಕುತ್ತಾರೆ, ಅವನಿಗೇನು ಗೊತ್ತು" ಅಂತ ವಾದ ಮಾಡುತ್ತಿದ್ದೆ. ಆಮೇಲೆ ಅವರದೇ 2008ರ ಪೇಪರ್ ಓದಿದೆ. ಆ ಸಲ ಇಂಟರ್‌ನೆಟ್‌ನಲ್ಲಿ ತರಿಸಿದ 193 ಔಷಧಿ. ರಸೌಷಧಿಗಳ ಪೈಕಿ 40.6% ಔಷಧಿಗಳಲ್ಲಿ ಲೋಹ ಸಿಕ್ಕಿತು. ಸರಿ, ಬಿಡಿ. ಆದರೆ ರಸೌಷಧಿ ಅಲ್ಲದವುಗಳ ಪೈಕಿಯೂ 17.1% ಔಷಧಿಗಳಲ್ಲಿ! ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರ್, ಯೋಗದಿಂದಲೇ ಶುರು ಮಾಡಿ. ನಿಮ್ಮ ಆಯುಷ್ ಡಾಕ್ಟರನ್ನೂ ಸೇರಿಸಿಕೊಳ್ಳಿ, ಸುಮ್ನೆ ಹೆಸರಿಗಲ್ಲ.

ಮಲೆನಾಡ ಡಾಕ್ಟ್ರು:
ಇಬ್ಬರಿಗೂ ಥ್ಯಾಂಕ್ಸ್. ಇವತ್ತು ಆ ಫಾರ್ಮನ್ನು ನಾನೇ ಕನ್ನಡ ಮಾಡಿಕೊಂಡು ಒಬ್ಬ ಅಕ್ಕನಿಗೆ ಕೇಳಿದೆ. "ಆರಾಮ ಕುರ್ಚಿಯಿಂದ ಏಳೋಕೆ ಏನಾದ್ರೂ ಹಿಡ್ಕೋಬೇಕಾ?" ಅಂದರೆ ನಕ್ಕುಬಿಟ್ಟರು. "ಆ ಕುರ್ಚೀಲಿ ಕೂರೋದು ನಮ್ಮ ಯಜಮಾನ್ರು. ಅವ್ರಿಗೆ ಸೊಂಟ ನೋವಿಲ್ಲ."

ಕುರ್ಚಿ ತೆಗೆದು ಮಣೆ ಅಂತ ಹಾಕಿದರೆ ಫಾರ್ಮ್ ಕೆಡುತ್ತಾ, ಸರ್?