ಅಪ್‌ಡೇಟ್: ಫಾರ್ಮುಲಾದಲ್ಲಿ ಡೈ ಸೊನ್ನೆ, ಸೆಂಟ್ ಜಾಸ್ತಿ ತೋರಿಸುತ್ತಿದ್ದ ಸಮಸ್ಯೆ ಬಗೆಹರಿಯಿತು

ಪಾತ್ರೆ ತೊಳೆಯುವ ಲಿಕ್ವಿಡ್‌ನ 500 ಕೆಜಿ ಬ್ಯಾಚ್‌ನಲ್ಲಿ ಇಆರ್‌ಪಿ (ಸ್ಟಾಕ್, ಉತ್ಪಾದನೆ ಲೆಕ್ಕ ಇಡುವ ಸಾಫ್ಟ್‌ವೇರ್) ಸ್ಟಾಕಿಗೂ ಗೋಡೌನಿನ ಸ್ಟಾಕಿಗೂ ತಾಳೆಯಾಗುತ್ತಿಲ್ಲ ಎಂದು ಇಲ್ಲಿ ಕೇಳಿದ್ದೆ. ಕಾರಣ ರೌಂಡಿಂಗ್. ಫಾರ್ಮುಲಾ 1 ಕೆಜಿಗೆ ಇತ್ತು, ದಶಮಾಂಶ ಮೂರೇ ಸ್ಥಾನ. ಸೆಂಟ್ (ಸುವಾಸನೆ) 0.0025 ಇದ್ದದ್ದು 0.003 ಆಗಿ, ಬ್ಯಾಚ್‌ಗೆ 1.25 ಕೆಜಿ ಬದಲು 1.5 ಕೆಜಿ ಸ್ಟಾಕಿನಿಂದ ಕಳೆಯುತ್ತಿತ್ತು. ಡೈ (ಬಣ್ಣ) 0.00004, ಅಂದರೆ ರೌಂಡ್ ಆದರೆ ಸೊನ್ನೆ.

ಯೂನಿಟ್ ಗ್ರಾಂಗೆ ಬದಲಿಸಿ ಎಂದು ನಿಮ್ಮ ಉತ್ತರಗಳಲ್ಲಿ ಅಂದಿದ್ದಿರಿ. ಸ್ಟಾಕ್ ಎಂಟ್ರಿ ಆಗಿರುವ ಐಟಮ್‌ಗೆ ಸಿಸ್ಟಮ್ ಬಿಡಲಿಲ್ಲ. ದಶಮಾಂಶ ಆರಕ್ಕೆ ಏರಿಸಿದ್ದು ಅರ್ಧ ಪ್ರಯೋಜನ: ಹಳೇ ಫಾರ್ಮುಲಾಗಳಲ್ಲಿ ರೌಂಡ್ ಆಗಿ ಸೇವ್ ಆದ ಅಂಕಿ ಹಾಗೇ ಉಳಿಯಿತು.

ಕೆಲಸಕ್ಕೆ ಬಂದದ್ದು ಫಾರ್ಮುಲಾವನ್ನೇ 500 ಕೆಜಿಗೆ ಬರೆಯಿರಿ ಎಂಬ ಸಲಹೆ. ಈಗ ಸೆಂಟ್ 1.25 ಕೆಜಿ, ಪ್ರಿಸರ್ವೇಟಿವ್ 0.4 ಕೆಜಿ, ರೌಂಡ್ ಆಗಲು ಏನೂ ಇಲ್ಲ. ಡೈಗೆ ಬೇರೆ ಸಬ್-ಫಾರ್ಮುಲಾ: 10 ಗ್ರಾಂ ಡೈ, 990 ಗ್ರಾಂ ನೀರು, ಅಂದರೆ 1% ದ್ರಾವಣ. ಬ್ಯಾಚ್‌ಗೆ ಅದು 2 ಕೆಜಿ (20 ಗ್ರಾಂ ಡೈ, 1.98 ಕೆಜಿ ನೀರು). ಮುಖ್ಯ ಫಾರ್ಮುಲಾದ ನೀರಿನಲ್ಲಿ 1.98 ಕೆಜಿ ಕಳೆಯಲೇಬೇಕು, ಇಲ್ಲದಿದ್ದರೆ ಒಟ್ಟು ತೂಕ 500 ದಾಟುತ್ತದೆ. ತೂಕ ಮಾಡುವವರಿಗೂ ಇದೇ ಸಲೀಸು, ದೊಡ್ಡ ತಕ್ಕಡಿಯಲ್ಲಿ 20 ಗ್ರಾಂ ಎಲ್ಲಿ ಹಿಡಿಯಲು ಆಗುತ್ತೆ?

ಗೊತ್ತಿರದ ಒಂದು ವಿಷಯ: ಫಾರ್ಮುಲಾದ ಹೊಸ ವರ್ಷನ್ ಡಿಫಾಲ್ಟ್ ಮಾಡಿದರೂ ಆಗಲೇ ತೆರೆದಿದ್ದ ವರ್ಕ್ ಆರ್ಡರ್‌ಗಳು (ಬ್ಯಾಚ್ ತಯಾರಿಸಲು ಸಿಸ್ಟಮ್‌ನಲ್ಲಿ ತೆಗೆಯುವ ಆದೇಶಗಳು) ಹಳೇ ಫಾರ್ಮುಲಾವನ್ನೇ ಹಿಡಿದುಕೊಂಡಿದ್ದವು. ಕ್ಯಾನ್ಸಲ್ ಮಾಡಿ ಹೊಸದಾಗಿ ತೆಗೆಯಬೇಕಾಯಿತು.

ಲಿಕ್ವಿಡ್ ಗಟ್ಟಿ ಮಾಡುವ ಉಪ್ಪನ್ನು ಮಾತ್ರ ಫಾರ್ಮುಲಾ ಪ್ರಕಾರ ಸ್ಟಾಕಿನಿಂದ ಕಳೆಯುತ್ತಿಲ್ಲ. ಗಟ್ಟಿತನ ನೋಡಿ ಹಾಕುವುದು, ಮಿತಿ ಮೀರಿದರೆ ಲಿಕ್ವಿಡ್ ಮತ್ತೆ ನೀರಾಗುತ್ತದೆ. ಹಾಗಾಗಿ ಬ್ಯಾಚ್ ಮುಗಿದ ಮೇಲೆ ನಿಜವಾಗಿ ಹಾಕಿದ ತೂಕವನ್ನೇ ಎಂಟ್ರಿ ಮಾಡುತ್ತಿದ್ದೇವೆ.